ಹತ್ತರಲ್ಲೊಂದು ಎಂಬ ತೊಡಕು

ಕಂಪ್ಯೂಟರಿನ ಮುಂದೆ ಕುಳಿತು ಮೊದಲ ಬಾರಿಗೆ ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್ ಕಲಿಯಲು ಹೊರಟವರನ್ನು ಕಾಡುವ ಕಿರಿಕಿರಿಗಳಲ್ಲಿ ತೀರ ಚಿಕ್ಕದೂ ತೀರ ಹಠಮಾರಿಯೂ ಆದದ್ದು ಒಂದಿದೆ: 0.1ಕ್ಕೆ 0.2 ಕೂಡಿಸು ಎಂದರೆ ಪರದೆಯ ಮೇಲೆ 0.3 ಮೂಡುವುದಿಲ್ಲ, 0.30000000000000004 ಮೂಡುತ್ತದೆ. ಮೂರರ ಬೆನ್ನಿಗೆ ಹದಿನೈದು ಸೊನ್ನೆಗಳ ಸಾಲು, ಸಾಲಿನ ತುದಿಗೆ ಕರೆಯದೆ ಬಂದು ಕುಳಿತ ಒಂದು ನಾಲ್ಕು. ಶಾಲೆಯ ಮಗು ಬಾಯಿಲೆಕ್ಕದಲ್ಲಿ ಮುಗಿಸುವ ಕೂಡಿಕೆಯಲ್ಲಿ, ಕ್ಷಣಕ್ಕೆ ಕೋಟಿಗಟ್ಟಲೆ ಲೆಕ್ಕ ಮಾಡುವ ಯಂತ್ರ ಎಡವಿದಂತೆ ಕಂಡಾಗ, ಕಲಿಯುವವರು ಮೊದಲು ತಮ್ಮ ಬೆರಳುಗಳನ್ನೂ ಆಮೇಲೆ ಕೀಬೋರ್ಡನ್ನೂ ಕೊನೆಗೆ ಆ ಭಾಷೆಯನ್ನೇ ಅನುಮಾನಿಸತೊಡಗುತ್ತಾರೆ. ಈ ಗೊಂದಲ ಎಷ್ಟು ಸಾಮಾನ್ಯವೆಂದರೆ, ಪೈಥಾನಿನ ಅಧಿಕೃತ ಪಾಠಮಾಲೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದ್ದು, ಇದು ಪೈಥಾನಿನ ದೋಷವೂ ಅಲ್ಲ, ಓದುಗರು ಬರೆದ ಪ್ರೋಗ್ರಾಮಿನ ದೋಷವೂ ಅಲ್ಲ ಎಂಬುದನ್ನು ಅದು ಸಾವಧಾನದಿಂದ ತಿಳಿಸಿಕೊಡುತ್ತದೆ.

ಕಾರಣವೇನೂ ಗಹನವಲ್ಲ. ಹತ್ತನ್ನು ಆಧಾರವಾಗಿಟ್ಟುಕೊಂಡ ಬರವಣಿಗೆಯಲ್ಲಿ ಮೂರರಲ್ಲೊಂದು ಭಾಗವನ್ನು 0.3333 ಎಂದು ಎಷ್ಟು ಉದ್ದ ಎಳೆದರೂ ಅದು ಹೇಗೆ ಮುಗಿಯದೋ, ಹಾಗೆಯೇ ಎರಡನ್ನು ಆಧಾರವಾಗಿಟ್ಟುಕೊಂಡ ದ್ವಿಮಾನ ಪದ್ಧತಿಯಲ್ಲಿ, ಅಂದರೆ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ಬರವಣಿಗೆಯಲ್ಲಿ, ಹತ್ತರಲ್ಲೊಂದು ಭಾಗ ಮುಗಿಯುವುದಿಲ್ಲ. 0011 ಎಂಬ ತುಣುಕು ಮರಳಿ ಮರಳಿ ಬರುತ್ತಲೇ ಇರುತ್ತದೆ. ಯಂತ್ರದಲ್ಲಿ ಇರುವ ಜಾಗ ಮಿತವಾದುದರಿಂದ ಅದು ಆ ಸಾಲನ್ನು ಒಂದೆಡೆ ಕಡಿದು, ತನ್ನ ಬಳಿ ಇರುವ ಸಂಖ್ಯೆಗಳಲ್ಲಿ ಹತ್ತರಲ್ಲೊಂದಕ್ಕೆ ಅತಿ ಸಮೀಪದ್ದನ್ನು ಆರಿಸಿ ಇಟ್ಟುಕೊಳ್ಳುತ್ತದೆ. ಹಾಗೆ ಇಟ್ಟುಕೊಂಡ ಸಂಖ್ಯೆಯನ್ನು ಪೂರ್ತಿಯಾಗಿ ಬರೆದರೆ 0.1000000000000000055511151231257827021181583404541015625 ಎಂದಾಗುತ್ತದೆ. ಪರದೆಯ ಮೇಲೆ 0.1 ಎಂದು ಕಾಣುವುದು ಈ ಸಂಖ್ಯೆಯನ್ನು ಗುರುತಿಸಲು ಸಾಕಾಗುವ ಅತಿ ಚಿಕ್ಕ ಬರಹ ಮಾತ್ರ.

ಅರ್ಧ, ಕಾಲು, ಅರೆಕಾಲು, ಹದಿನಾರರಲ್ಲೊಂದು: ಇವುಗಳಿಗೆ ಈ ತೊಡಕಿಲ್ಲ. ಛೇದದಲ್ಲಿ ಎರಡರ ಹೊರತು ಬೇರೆ ಅಪವರ್ತನವಿಲ್ಲದ ಯಾವ ಭಿನ್ನರಾಶಿಯೂ, ಅಂಕಿಗಳಿಗೆ ಜಾಗ ಸಾಲುವಷ್ಟು ಚಿಕ್ಕದಾಗಿದ್ದರೆ, ದ್ವಿಮಾನದಲ್ಲಿ ಒಂದು ಚೂರೂ ಉಳಿಯದಂತೆ ಕೂರುತ್ತದೆ. ಭಾರತದಲ್ಲಿ 1957ರ ಏಪ್ರಿಲ್ 1ರಂದು ದಶಮಾನ ನಾಣ್ಯಪದ್ಧತಿ ಬರುವುದಕ್ಕೆ ಮೊದಲು ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ ಇದ್ದ ಕಾಲದ ಲೆಕ್ಕವನ್ನು ಇಂದಿನ ಕಂಪ್ಯೂಟರಿಗೆ ಕೊಟ್ಟಿದ್ದರೆ, ಮೂರಾಣೆ ಒಂದು ಪೈಸೆಯೂ ಹನ್ನೊಂದಾಣೆ ಮೂರು ಪೈಸೆಯೂ ಕಿಂಚಿತ್ತೂ ಏರುಪೇರಿಲ್ಲದೆ ಅದರೊಳಗೆ ಇಳಿಯುತ್ತಿದ್ದವು. ಆಣೆಗೆ ಹನ್ನೆರಡಿದ್ದ ಪೈ ಮಾತ್ರ, ತನ್ನೊಳಗಿನ ಮೂರರ ದೆಸೆಯಿಂದ, ತಕರಾರು ಮಾಡುತ್ತಿತ್ತು. ಹಳೆಯ ಕೂಲಿಮಠಗಳಲ್ಲಿ ಮಕ್ಕಳು ದನಿಯೆತ್ತಿ ಹೇಳುತ್ತಿದ್ದ ಕಾಲುಮಗ್ಗಿ, ಅರೆಮಗ್ಗಿ, ಮುಕ್ಕಾಲುಮಗ್ಗಿಗಳ ಭಿನ್ನರಾಶಿಗಳೆಲ್ಲವೂ ಯಂತ್ರಕ್ಕೆ ಒಗ್ಗುವಂಥವು. ದಶಮಾನ ಪದ್ಧತಿ ಕಾಗದದ ಮೇಲಿನ ಲೆಕ್ಕವನ್ನು ಹಗುರ ಮಾಡಿತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ನೂರು ಪೈಸೆಯ ರೂಪಾಯಿಯಲ್ಲಿ 25, 50, 75 ಎಂಬ ಮೂರನ್ನು ಬಿಟ್ಟರೆ ಉಳಿದ ಒಂದು ಪೈಸೆಯಿಂದ ತೊಂಬತ್ತೊಂಬತ್ತು ಪೈಸೆಯವರೆಗಿನ ಯಾವ ಮೊತ್ತವೂ ದ್ವಿಮಾನದ ಭಿನ್ನರಾಶಿಯಾಗಿ ಸರಿಯಾಗಿ ಕೂರುವುದಿಲ್ಲ. ಹಣದ ಲೆಕ್ಕವನ್ನು ಪೈಸೆಗಳ ಪೂರ್ಣಾಂಕದಲ್ಲೇ ಇಡಬೇಕು ಎಂದು ಅನುಭವಿ ಪ್ರೋಗ್ರಾಮರುಗಳು ಹಟ ಹಿಡಿಯುವುದು ಇದಕ್ಕಾಗಿಯೇ.

ಹೀಗೆ ಕಡಿದು ಇಟ್ಟುಕೊಳ್ಳುವ ಸಂಖ್ಯೆಗೆ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆ ಎಂದು ಹೆಸರು. ಅದರಲ್ಲಿ ಅಂಕಿಗಳ ಸಾಲು ಒಂದು ಕಡೆ, ಬಿಂದು ಎಲ್ಲಿ ಬೀಳಬೇಕು ಎಂದು ಹೇಳುವ ಘಾತಾಂಕ ಇನ್ನೊಂದು ಕಡೆ ಇರುವುದರಿಂದ, ಪರಮಾಣುವಿನ ಅಗಲವನ್ನೂ ನಕ್ಷತ್ರದ ದೂರವನ್ನೂ ಒಂದೇ ಅಳತೆಯ ಜಾಗದಲ್ಲಿ ಹಿಡಿದಿಡಬಹುದು. ಇಂದು ಬಹುಪಾಲು ಯಂತ್ರಗಳು ಪಾಲಿಸುವ ನಿಯಮಾವಳಿ ಐಇಇಇ 754 ಎಂಬುದು; 1985ರಲ್ಲಿ ಹೊರಬಂದ ಅದಕ್ಕೆ ಬರ್ಕ್ಲಿಯ ಗಣಿತಜ್ಞ ವಿಲಿಯಂ ಕಹಾನ್ ಅವರ ಚಿಂತನೆಯೇ ಮುಖ್ಯ ಆಧಾರ, ಮತ್ತು ಆ ಕೆಲಸಕ್ಕಾಗಿ ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಅದಕ್ಕೆ ಮುಂಚೆ ಒಂದೊಂದು ಕಂಪನಿಯ ಯಂತ್ರಕ್ಕೂ ಒಂದೊಂದು ಬಗೆಯ ಅಂಕಗಣಿತವಿದ್ದು, ಒಂದರಲ್ಲಿ ಸರಿಯಾಗಿ ನಡೆದ ಪ್ರೋಗ್ರಾಮು ಇನ್ನೊಂದರಲ್ಲಿ ಬೇರೆಯೇ ಉತ್ತರ ಕೊಡುತ್ತಿತ್ತು. ಈ ನಿಯಮಾವಳಿಯಲ್ಲಿ ಡಬಲ್ ಎಂದು ಕರೆಯುವ ಬಗೆಗೆ 64 ಬಿಟ್‌ಗಳು: ಧನವೋ ಋಣವೋ ಎಂಬುದಕ್ಕೆ 1, ಘಾತಾಂಕಕ್ಕೆ 11, ಅಂಕಿಗಳಿಗೆ 52. ಇಂಥ ಸಂಖ್ಯೆಗಳು ಸಂಖ್ಯಾರೇಖೆಯ ಮೇಲೆ ಒಂದೇ ಅಂತರದಲ್ಲಿ ಹರಡಿಕೊಂಡಿಲ್ಲ. ಪೇಟೆಯ ನಡುವೆ ಗೋಡೆಗೆ ಗೋಡೆ ತಾಗಿದ್ದ ಮನೆಗಳು ಊರು ಬಿಟ್ಟು ತೋಟಗಳತ್ತ ಸಾಗಿದಷ್ಟೂ ದೂರ ದೂರವಾಗುವಂತೆ, ಸೊನ್ನೆಯ ಬಳಿ ಒತ್ತೊತ್ತಾಗಿದ್ದು ಮುಂದೆ ಹೋದಷ್ಟೂ ವಿರಳವಾಗುತ್ತವೆ. 1ರ ಪಕ್ಕದ ಸಂಖ್ಯೆ ಸುಮಾರು 0.00000000000000022ರಷ್ಟು ಆಚೆ ಇದ್ದರೆ, ಒಂದು ಲಕ್ಷ ಕೋಟಿಯ ಆಸುಪಾಸಿನಲ್ಲಿ ನೆರೆಹೊರೆಯ ಅಂತರ 0.00012 ಆಗಿರುತ್ತದೆ. 9007199254740992 ದಾಟಿದ ಮೇಲೆ ಅಂತರ ಎರಡಾಗಿ, ಬೆಸ ಸಂಖ್ಯೆಗಳು ಕಾಣೆಯಾಗುತ್ತವೆ. ಟ್ವಿಟ್ಟರ್ ತನ್ನ ಸಂದೇಶಗಳ ಗುರುತಿನ ಸಂಖ್ಯೆಗಳನ್ನು ದೊಡ್ಡದು ಮಾಡಹೊರಟಾಗ, ಜಾವಾಸ್ಕ್ರಿಪ್ಟಿನ ಸಂಖ್ಯೆಗಳು ಅವನ್ನು ತಾಳಿಕೊಳ್ಳಲಾರವು ಎಂಬ ಕಾರಣಕ್ಕೆ 2010ರಲ್ಲಿ ಅದೇ ಸಂಖ್ಯೆಯನ್ನು ಅಕ್ಷರಗಳ ರೂಪದಲ್ಲೂ ಜತೆಗೆ ಕಳುಹಿಸಬೇಕಾಯಿತು.

ಇಷ್ಟೆಲ್ಲವನ್ನೂ ಯಾರೋ ಒಬ್ಬರು ಎಲ್ಲೋ ಒಂದು ಕಡೆ ಬರೆದಿಡಬೇಕು. ಸಿದ್ಧವಾಗಿ ದೊರೆಯುವ, ಇತರ ಪ್ರೋಗ್ರಾಮರುಗಳು ತಮ್ಮ ಕೆಲಸಕ್ಕೆ ಎತ್ತಿಕೊಳ್ಳುವ ಕೋಡಿನ ಸಂಗ್ರಹಕ್ಕೆ ಲೈಬ್ರರಿ ಎನ್ನುತ್ತಾರೆ. ಅದರ ಒಂದೊಂದು ಫಂಕ್ಷನ್ನೂ ಏನು ತೆಗೆದುಕೊಂಡು ಏನು ಕೊಡುತ್ತದೆ ಎಂಬ ವಿವರಣೆಗೆ ಡಾಕ್ಯುಮೆಂಟೇಶನ್. ಏನು ಮಾಡುತ್ತದೆ ಎಂದು ಬರೆಯುವುದು ಸುಲಭ, ಏಕೆಂದರೆ ಕೋಡು ಬರೆದವರ ಮನಸ್ಸಿನಲ್ಲಿ ಅದು ಮೊದಲೇ ಇರುತ್ತದೆ. ಎಲ್ಲಿಯವರೆಗೆ ಮಾಡುತ್ತದೆ, ಎಲ್ಲಿ ಕೈಬಿಡುತ್ತದೆ ಎಂದು ಬರೆಯಲು ಬೇರೆಯದೇ ಮನೋಧರ್ಮ ಬೇಕು. ಫಲಿತಾಂಶ ನಿಖರವಾಗಿರದೇ ಇರಬಹುದು ಎಂದು ಒಂದೇ ಸಾಲು ಗೀಚಿ ಮುಗಿಸುವ ಡಾಕ್ಯುಮೆಂಟೇಶನ್ ಹೇರಳವಾಗಿದೆ, ಮತ್ತು ಆ ಸಾಲಿನಿಂದ ಯಾರಿಗೂ ಉಪಕಾರವಿಲ್ಲ. ಎಷ್ಟು ತಪ್ಪಬಹುದು, ಯಾವ ಬಗೆಯ ಸಂಖ್ಯೆಗೆ ತಪ್ಪುತ್ತದೆ, ತಪ್ಪಬಾರದೆಂದರೆ ಯಾವ ದಾರಿ ಹಿಡಿಯಬೇಕು ಎಂಬ ಯಾವುದಕ್ಕೂ ಅದರಲ್ಲಿ ಉತ್ತರವಿಲ್ಲದ ಕಾರಣ, ಓದಿದವರಲ್ಲಿ ಅದು ಭಯವನ್ನು ಹುಟ್ಟಿಸಬಹುದೇ ಹೊರತು ತಿಳಿವಳಿಕೆಯನ್ನಲ್ಲ. ಇದಕ್ಕೆ ಪ್ರತಿಯಾಗಿ ಜಾವಾದಲ್ಲಿ ಬಿಗ್‌ಡೆಸಿಮಲ್ ಎಂಬ ದಶಮಾನ ಸಂಖ್ಯೆಯನ್ನು ಡಬಲ್‌ನಿಂದ ಕಟ್ಟುವ ವಿಧಾನದ ವಿವರಣೆಯನ್ನು ನೋಡಬಹುದು. ಅಲ್ಲಿ 0.1 ಕೊಟ್ಟರೆ ಬರುವುದೇನು ಎಂಬುದಕ್ಕೆ ಮೇಲೆ ಕಾಣಿಸಿದ ಐವತ್ತೈದು ದಶಮಾಂಶ ಸ್ಥಾನಗಳನ್ನೂ ಒಂದೂ ಬಿಡದೆ ಅಚ್ಚು ಮಾಡಿ, ಹೀಗಾಗುವುದೇಕೆ ಎಂದು ತಿಳಿಸಿ, ಅದೇ 0.1ನ್ನು ಉದ್ಧರಣ ಚಿಹ್ನೆಗಳೊಳಗೆ ಅಕ್ಷರಗಳಾಗಿ ಕೊಟ್ಟರೆ ನಿರೀಕ್ಷಿಸಿದ್ದೇ ಸಿಗುತ್ತದೆ ಎಂದು ದಾರಿಯನ್ನೂ ತೋರಿಸಲಾಗಿದೆ. ಪೈಥಾನಿನ ರೌಂಡ್ ಫಂಕ್ಷನ್ನಿನ ವಿವರಣೆಯೂ ಇದೇ ಜಾತಿಯದು: 2.675ನ್ನು ಎರಡು ಸ್ಥಾನಗಳಿಗೆ ರೌಂಡ್ ಮಾಡಿದರೆ 2.68 ಬರದೆ 2.67 ಬರುವುದನ್ನು ಅದು ತಾನಾಗಿ ಎತ್ತಿ ತೋರಿಸುತ್ತದೆ. ಯಂತ್ರದೊಳಗಿರುವ 2.675 ನಿಜವಾಗಿ 2.6749999ರ ಬಗೆಯದು, ಅರ್ಧಕ್ಕಿಂತ ಒಂದು ಕೂದಲೆಳೆಯಷ್ಟು ಕೆಳಗೆ.

ಸೀಮೆಗಳ ಹೆಸರುಗಳ ವಿಷಯಕ್ಕೆ ಬಂದರೆ ಇನ್ನೂ ಹೆಚ್ಚಿನ ಎಚ್ಚರ ಬೇಕಾಗುತ್ತದೆ. ಬಹುತೇಕ ಪ್ರತಿಯೊಂದು ಭಾಷೆಯ ಲೈಬ್ರರಿಯೂ ಡಬಲ್‌ನ ಗರಿಷ್ಠ ಮತ್ತು ಕನಿಷ್ಠ ಬೆಲೆಗಳಿಗೆ ಹೆಸರಿಟ್ಟು ಕೊಡುತ್ತದೆ. ಗರಿಷ್ಠದಲ್ಲಿ ಭಿನ್ನಾಭಿಪ್ರಾಯವಿಲ್ಲ, ಅದು ಸುಮಾರು 1.8 ಗುಣಿಸು 10ರ 308ನೇ ಘಾತ. ಕನಿಷ್ಠದ ಕಥೆ ಹಾಗಲ್ಲ. ಡಾಟ್‌ನೆಟ್ ಮತ್ತು ರಸ್ಟ್‌ಗಳಲ್ಲಿ ಆ ಹೆಸರು ಎಲ್ಲಕ್ಕಿಂತ ಕೆಳಗಿನ ಋಣ ಸಂಖ್ಯೆಯನ್ನು ಸೂಚಿಸುತ್ತದೆ. ಸಿ ಭಾಷೆಯಲ್ಲಿ ಅದು ಅಂಕಿಗಳ ಪೂರ್ಣ ನಿಖರತೆ ಉಳಿದಿರುವ ಅತಿ ಚಿಕ್ಕ ಧನ ಸಂಖ್ಯೆ, ಎಂದರೆ ಸುಮಾರು 2.2 ಗುಣಿಸು 10ರ ಋಣ 308ನೇ ಘಾತ. ಜಾವಾದಲ್ಲಾದರೋ ಅದಕ್ಕಿಂತಲೂ ಕೆಳಗಿಳಿದು, ನಿಖರತೆಯನ್ನು ಒಂದೊಂದೇ ಬಿಟ್ ಬಿಟ್ಟುಕೊಡುತ್ತ ಸೊನ್ನೆಯನ್ನು ಸಮೀಪಿಸುವ ಸಂಖ್ಯೆಗಳಲ್ಲಿ ಕಟ್ಟಕಡೆಯದು, ಸುಮಾರು 4.9 ಗುಣಿಸು 10ರ ಋಣ 324ನೇ ಘಾತ. ಜಾವಾದ ಪೂರ್ಣಾಂಕಗಳಲ್ಲಿ ಇದೇ ಹೆಸರು ಅತಿ ಕೆಳಗಿನ ಋಣ ಸಂಖ್ಯೆಗೆ ಇದೆ ಎಂಬುದು ಈ ತೊಡಕಿನ ಮೇಲೆ ಇನ್ನೊಂದು ತೊಡಕು. ಲೇಹ್‌ನ ಚಳಿಗಾಲದ ರಾತ್ರಿಗಳ ಉಷ್ಣಾಂಶಗಳಲ್ಲಿ ಅತಿ ಹೆಚ್ಚಿನದು ಯಾವುದು ಎಂದು ಹುಡುಕುವ ಪ್ರೋಗ್ರಾಮಿನಲ್ಲಿ, ಎಲ್ಲಕ್ಕಿಂತ ಕೆಳಗಿನಿಂದ ಹೊರಡೋಣ ಎಂದುಕೊಂಡು ಈ ಹೆಸರನ್ನು ಆರಂಭದ ಬೆಲೆಯಾಗಿ ಇಟ್ಟವರಿಗೆ, ಋಣ 5, ಋಣ 12, ಋಣ 3 ಎಂಬ ಯಾವ ಉಷ್ಣಾಂಶವೂ ಅದನ್ನು ಮೀರಲಾರದೆ, ಕೊನೆಗೆ ಹೆಚ್ಚುಕಡಿಮೆ ಸೊನ್ನೆಯೇ ಉತ್ತರವಾಗಿ ಕೈಗೆ ಬರುತ್ತದೆ. ಪ್ರೋಗ್ರಾಮು ನಿಲ್ಲುವುದಿಲ್ಲ, ಕೆಂಪು ಅಕ್ಷರದ ಎಚ್ಚರಿಕೆ ಮೂಡುವುದಿಲ್ಲ, ಉತ್ತರವೂ ನಂಬಲರ್ಹವಾಗಿಯೇ ಕಾಣುತ್ತದೆ. ಈ ಅಪಾಯಕ್ಕೆ ಅಡ್ಡ ನಿಂತಿರುವುದು ಜಾವಾದ ವಿವರಣೆಯಲ್ಲಿರುವ ಧನ ಎಂಬ ಒಂದು ವಿಶೇಷಣ; ಅತಿ ಚಿಕ್ಕ ಸಂಖ್ಯೆ ಎನ್ನದೆ, ಸೊನ್ನೆಯಲ್ಲದ ಅತಿ ಚಿಕ್ಕ ಧನ ಸಂಖ್ಯೆ ಎಂದು ಬರೆದವರು ಯಾರೋ, ಅವರಿಗೆ ಅನೇಕ ಪ್ರೋಗ್ರಾಮರುಗಳು ಋಣಿಗಳು. ಸಿ++ ಭಾಷೆಯವರು 2011ರಲ್ಲಿ ಅತಿ ಕೆಳಗಿನದಕ್ಕೆಂದೇ ಬೇರೆ ಹೆಸರನ್ನು ಸೇರಿಸಿದರು. ಎಪ್ಸಿಲಾನ್ ಎಂಬ ಹೆಸರಿಗೂ ಇಂಥದೇ ಪಾಡು: ಸಿ, ಜಾವಾಸ್ಕ್ರಿಪ್ಟ್, ರಸ್ಟ್‌ಗಳಲ್ಲಿ ಅದು 1ಕ್ಕೂ ಅದರ ಮುಂದಿನ ಸಂಖ್ಯೆಗೂ ಇರುವ ಅಂತರವಾದರೆ, ಡಾಟ್‌ನೆಟ್‌ನಲ್ಲಿ ಅದು ಸೊನ್ನೆಯ ಪಕ್ಕದ ಅತಿ ಚಿಕ್ಕ ಸಂಖ್ಯೆ, ಎರಡೂ ಒಂದೇ ಅಲ್ಲವೆಂದು ಅಲ್ಲಿನ ವಿವರಣೆ ಬಿಡಿಸಿ ಹೇಳಬೇಕಾಗಿದೆ.

ಸಂಖ್ಯೆಗಳನ್ನು ಇಟ್ಟುಕೊಳ್ಳುವಲ್ಲಿನ ಮಿತಿ ಒಂದಾದರೆ, ಸೈನ್, ಲಾಗ್, ವರ್ಗಮೂಲಗಳನ್ನು ಲೆಕ್ಕ ಹಾಕುವಲ್ಲಿನ ಮಿತಿ ಇನ್ನೊಂದು. ಅದನ್ನು ಅಳೆಯಲು ನೆರೆಯ ಎರಡು ಸಂಖ್ಯೆಗಳ ನಡುವಿನ ಅಂತರವನ್ನೇ ಮಾನವಾಗಿ ಬಳಸುತ್ತಾರೆ, ಏಕೆಂದರೆ ಆ ಅಂತರಕ್ಕಿಂತ ಸೂಕ್ಷ್ಮವಾದ ಉತ್ತರವನ್ನು ಯಂತ್ರ ಬರೆದಿಡಲಾರದು. ಈ ಮಾನಕ್ಕೆ ಯುಎಲ್‌ಪಿ ಎಂದು ಹೆಸರು. ಜಾವಾದ ವಿವರಣೆ ವರ್ಗಮೂಲಕ್ಕೆ ಸಾಧ್ಯವಿರುವುದರಲ್ಲಿ ಅತಿ ಸಮೀಪದ ಉತ್ತರವನ್ನೇ ಕೊಡುವುದಾಗಿ ಮಾತು ಕೊಡುತ್ತದೆ, ಸೈನ್‌ಗೆ 1 ಯುಎಲ್‌ಪಿಯೊಳಗೆ ಎನ್ನುತ್ತದೆ, ಕೋನವನ್ನು ಕಂಡುಹಿಡಿಯುವ ಆಟ್ಯಾನ್2ಕ್ಕೆ 2ರೊಳಗೆ ಎನ್ನುತ್ತದೆ. ಲಿನಕ್ಸ್‌ನ ಬಹುಪಾಲು ವ್ಯವಸ್ಥೆಗಳಿಗೆ ಅಡಿಪಾಯವಾದ ಜಿಲಿಬ್‌ಸಿ ಲೈಬ್ರರಿಯ ಕೈಪಿಡಿಯಲ್ಲಿ ಇದಕ್ಕೆಂದೇ ಒಂದು ಭಾಗವಿದ್ದು, ಅಲ್ಲಿ ಫಂಕ್ಷನ್ನುಗಳು ಒಂದು ದಿಕ್ಕಿಗೆ, ಪ್ರೊಸೆಸರುಗಳು ಇನ್ನೊಂದು ದಿಕ್ಕಿಗೆ ಇರುವ ಕೋಷ್ಟಕಗಳಲ್ಲಿ, ಪ್ರತಿಯೊಂದರಲ್ಲೂ ತಿಳಿದುಬಂದಿರುವ ತಪ್ಪಿನ ಗರಿಷ್ಠ ಪ್ರಮಾಣವನ್ನು ಅಂಕಿಗಳಲ್ಲಿ ಕಾಣಿಸಲಾಗಿದೆ. ಸ್ವಂತ ಕುಂದುಗಳನ್ನು ಹೀಗೆ ಮನೆಮನೆಯಾಗಿ ವಿಂಗಡಿಸಿ ಅಂಕಿಯಲ್ಲಿ ಒಪ್ಪಿಸುವ ಪುಟಕ್ಕಿಂತ ಗೌರವಕ್ಕೆ ಅರ್ಹವಾದ ಪುಟ ತಾಂತ್ರಿಕ ಬರವಣಿಗೆಯಲ್ಲಿ ಸಿಗುವುದು ಅಪರೂಪ.

ಅಂಥ ಪುಟವೇ ತಪ್ಪಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಟೆಲ್‌ನ ಪ್ರೊಸೆಸರುಗಳಲ್ಲಿ ಸೈನ್ ಲೆಕ್ಕ ಹಾಕುತ್ತಿದ್ದ ಎಫ್‌ಸೈನ್ ಎಂಬ ಆದೇಶ ಒಂದು ನಿದರ್ಶನ. ಅದರ ತಪ್ಪು 1 ಯುಎಲ್‌ಪಿಯನ್ನು ಮೀರದು ಎಂದು ಕಂಪನಿಯ ಕೈಪಿಡಿ ವರ್ಷಗಟ್ಟಲೆ ಹೇಳುತ್ತ ಬಂದಿತ್ತು. ಆದರೆ ಪೈಗೆ ಅತಿ ಸಮೀಪದ ಡಬಲ್ ಸಂಖ್ಯೆಯ ಸೈನ್ ಕೇಳಿದರೆ ಸರಿಯಾದ ಉತ್ತರ 1.22464679 ಎಂದು ಆರಂಭವಾಗುವ, ಸೊನ್ನೆಗೆ ತೀರ ಹತ್ತಿರದ ಒಂದು ಸಂಖ್ಯೆಯಾಗಿದ್ದು, ಎಫ್‌ಸೈನ್ ಕೊಡುತ್ತಿದ್ದುದು 1.22460635 ಎಂದು ಆರಂಭವಾಗುವ ಇನ್ನೊಂದನ್ನು. ಮೊದಲ ನಾಲ್ಕೈದು ಅಂಕಿಗಳಾದ ಮೇಲೆ ಉಳಿದುದೆಲ್ಲ ತಪ್ಪು. ಪ್ರೊಸೆಸರಿನೊಳಗೆ ಪೈಯನ್ನು 66 ಬಿಟ್‌ಗಳಷ್ಟು ಮಾತ್ರ ಇಟ್ಟುಕೊಂಡಿದ್ದುದು ಇದಕ್ಕೆ ಕಾರಣ. ಕೊಟ್ಟ ಸಂಖ್ಯೆಯ, ಬರೆದಿಡದೆ ಬಿಡುವ ಮೊದಲ 1 ಸೇರಿದಂತೆ, 53 ಬಿಟ್‌ಗಳು ಪೈಯ ಮೊದಲ 53 ಬಿಟ್‌ಗಳೇ ಆಗಿರುವಾಗ, ಒಂದರಿಂದ ಇನ್ನೊಂದನ್ನು ಕಳೆದರೆ ಸರಿಯಾದ ಬಿಟ್‌ಗಳು ಪರಸ್ಪರ ಅಳಿದುಹೋಗಿ, ಉಳಿಯುವುದು ಹದಿಮೂರು. ಹದಿಮೂರು ಬಿಟ್ ಎಂದರೆ ದಶಮಾನದಲ್ಲಿ ನಾಲ್ಕು ಅಂಕಿಗಳ ಮೌಲ್ಯ. 2014ರಲ್ಲಿ ಪ್ರೋಗ್ರಾಮರೊಬ್ಬರು ಈ ಅಂತರವನ್ನು ಎತ್ತಿ ತೋರಿಸಿದ ಮೇಲೆ ಇಂಟೆಲ್ ಕೈಪಿಡಿಯ ಮಾತುಗಳನ್ನು ತಿದ್ದಿತು. ಆದೇಶ ಇದ್ದಂತೆಯೇ ಉಳಿಯಿತು, ಅದನ್ನು ಕುರಿತ ವಾಕ್ಯ ಬದಲಾಯಿತು. ಹಾಗಿದ್ದರೂ ಅದು ಸಣ್ಣ ದುರಸ್ತಿಯಲ್ಲ, ಏಕೆಂದರೆ 1 ಯುಎಲ್‌ಪಿ ಎಂಬ ಮಾತನ್ನು ನಂಬಿ ಅದರ ಮೇಲೆ ಲೈಬ್ರರಿ ಕಟ್ಟುವವರು ತಮ್ಮ ಓದುಗರಿಗೂ ಅದೇ ಮಾತನ್ನು ದಾಟಿಸುತ್ತಾರೆ.

ಅಂದಾಜನ್ನು ಅಂದಾಜೆಂದೇ ಹೆಸರಿಸಿ ಕೊಡುವ ಶಿಸ್ತು ಕಂಪ್ಯೂಟರಿಗಿಂತ ಬಹಳ ಹಳೆಯದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಆರಂಭವಾಗುವ, 9ನೇ ಶತಮಾನದ ಜೈನ ಗಣಿತಜ್ಞ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ದಲ್ಲಿ ಕ್ಷೇತ್ರಗಳ ಅಳತೆಗೆ ವ್ಯಾವಹಾರಿಕವೆಂದೂ ಸೂಕ್ಷ್ಮವೆಂದೂ ಎರಡು ಬಗೆಯ ಲೆಕ್ಕಗಳು ಬೇರೆ ಬೇರೆಯಾಗಿ ಬರುತ್ತವೆ: ವೃತ್ತದ ಪರಿಧಿ ಬೇಕಾದವರು ವ್ಯಾಸವನ್ನು ವ್ಯವಹಾರಕ್ಕೆ ಮೂರರಿಂದಲೂ ಸೂಕ್ಷ್ಮಕ್ಕೆ ಹತ್ತರ ವರ್ಗಮೂಲದಿಂದಲೂ ಗುಣಿಸಬಹುದು. ಹತ್ತರ ವರ್ಗಮೂಲವೂ ನಿಜವಾದ ಪೈ ಅಲ್ಲ ಎಂಬುದು ಬೇರೆ ಮಾತು. ಹೊಲ ಅಳೆಯುವವನಿಗೆ ಯಾವುದು ಸಾಕು, ಯಾವುದು ಸಾಲದು ಎಂದು ಎರಡು ಹೆಸರುಗಳ ಮೂಲಕ ತಿಳಿಸಿದ್ದೇ ಇಲ್ಲಿ ಮುಖ್ಯ. ಋಣ ಸಂಖ್ಯೆ ಸ್ವಭಾವತಃ ವರ್ಗವಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಬರೆದವರೂ ಮಹಾವೀರರೇ. ಇದೇ ಪ್ರಶ್ನೆ ಇಂದಿನ ಯಂತ್ರಕ್ಕೆ ಬಂದಾಗ ಅದು ನ್ಯಾನ್ ಎಂಬ, ಸಂಖ್ಯೆಯಲ್ಲದ್ದು ಎಂಬುದನ್ನು ಸೂಚಿಸುವ ವಿಶೇಷ ಬೆಲೆಯನ್ನು ಹಿಂದಿರುಗಿಸುತ್ತದೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂಬ ಅವರ ಇನ್ನೊಂದು ಮಾತು ಮಾತ್ರ ನಿಲ್ಲಲಿಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ಅಂಥ ಭಾಗಲಬ್ಧವನ್ನು ಖಹರವೆಂದು ಕರೆದು ಅನಂತವೆಂದು ಬಗೆದರು, ಮತ್ತು ಐಇಇಇ 754ರಲ್ಲೂ 1ನ್ನು ಸೊನ್ನೆಯಿಂದ ಭಾಗಿಸಿದರೆ ದೊರೆಯುವುದು ಅನಂತವೇ. ನ್ಯಾನ್‌ನ ಸ್ವಭಾವ ಇನ್ನೂ ವಿಚಿತ್ರ, ಅದು ತನಗೆ ತಾನೇ ಸಮವಲ್ಲ. ಆದ್ದರಿಂದ ಸಾಲನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವ ಫಂಕ್ಷನ್ನಿನ ವಿವರಣೆಯಲ್ಲಿ, ನಡುವೆ ಒಂದು ನ್ಯಾನ್ ಸಿಕ್ಕಿದರೆ ಅದು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಹೇಳದಿದ್ದರೆ ಆ ವಿವರಣೆ ಅರ್ಧಕ್ಕೇ ನಿಂತಂತೆ.

ಒಂದು ಲೆಕ್ಕದ ತಪ್ಪು ಕಣ್ಣಿಗೆ ಕಾಣದಷ್ಟು ಸಣ್ಣದಾದರೂ, ಲೆಕ್ಕಗಳು ಒಂದರ ಬೆನ್ನಿಗೊಂದು ಬಂದಾಗ ತಪ್ಪುಗಳೂ ಒಂದೇ ಕಡೆಗೆ ವಾಲಿದರೆ ಅನಾಹುತವಾಗುತ್ತದೆ. ಕೆನಡಾದ ವ್ಯಾಂಕೂವರ್ ಷೇರುಪೇಟೆ 1982ರ ಜನವರಿಯಲ್ಲಿ 1000ದಿಂದ ಆರಂಭಿಸಿದ ಸೂಚ್ಯಂಕದಲ್ಲಿ ಪ್ರತಿ ಬಾರಿಯೂ ಮೂರು ದಶಮಾಂಶ ಸ್ಥಾನಗಳ ಮುಂದಿನದನ್ನು ರೌಂಡ್ ಮಾಡದೆ ಕತ್ತರಿಸಿ ಎಸೆಯುತ್ತಿದ್ದುದರಿಂದ, ದಿನಕ್ಕೆ ಸಾವಿರಾರು ಬಾರಿ ಒಂದಿಷ್ಟು ಸೋರಿ, 1983ರ ನವೆಂಬರ್ ಹೊತ್ತಿಗೆ ಅದು 520ರ ಆಸುಪಾಸಿಗೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಬಂದದ್ದು 1098ಕ್ಕೂ ಮೇಲೆ. ಕುಸಿದಂತೆ ಕಂಡ ಪೇಟೆ ನಿಜದಲ್ಲಿ ಏರಿತ್ತು. ಅದು ಕತ್ತರಿಸುವ ಕ್ರಮದ ದೋಷವೇ ಹೊರತು ಫ್ಲೋಟಿಂಗ್ ಪಾಯಿಂಟಿನದಲ್ಲ. ಆದರೆ ಉದ್ದನೆಯ ಸಾಲನ್ನು ಕೂಡಿಸುವ ಯಾವ ಫಂಕ್ಷನ್ನೂ ಇದೇ ಸೋರಿಕೆಯ ಸಣ್ಣ ರೂಪವನ್ನು ಎದುರಿಸುತ್ತದೆ. ಸೋರಿದ್ದನ್ನು ಪ್ರತ್ಯೇಕವಾಗಿ ಒಂದೆಡೆ ಇಟ್ಟುಕೊಂಡು ಮುಂದಿನ ಕೂಡಿಕೆಗೆ ಮರಳಿ ಸೇರಿಸುವ ಉಪಾಯವನ್ನು ಕಹಾನ್ 1965ರಲ್ಲೇ ಪ್ರಕಟಿಸಿದ್ದರು. ವೈಜ್ಞಾನಿಕ ಲೆಕ್ಕಗಳಿಗೆ ಬಳಸುವ ನಂಪೈ ಲೈಬ್ರರಿಯು ಸರಾಸರಿ ಕಂಡುಹಿಡಿಯುವ ಫಂಕ್ಷನ್ನಿನ ವಿವರಣೆಯಲ್ಲಿ, ಅರ್ಧದಷ್ಟು 1.0 ಮತ್ತು ಅರ್ಧದಷ್ಟು 0.1 ತುಂಬಿದ ಒಂದು ದೊಡ್ಡ ಕೋಷ್ಟಕವನ್ನು 32 ಬಿಟ್‌ಗಳಲ್ಲಿ ಕೊಟ್ಟಾಗ, 0.55 ಬರಬೇಕಾದಲ್ಲಿ 0.54999924 ಬರಬಹುದೆಂಬುದನ್ನು ತಾನೇ ಮಾಡಿ ತೋರಿಸಿ, 64 ಬಿಟ್‌ಗಳಲ್ಲಿ ಲೆಕ್ಕ ಹಾಕಿಸಿಕೊಳ್ಳುವ ಬಗೆಯನ್ನು ಅದರ ಕೆಳಗೇ ಕೊಟ್ಟಿದೆ. ಮಾರುವ ವಸ್ತುವಿನ ಕುಂದನ್ನು ಅಂಗಡಿಯ ಮುಂಬಾಗಿಲಲ್ಲೇ ತೋರಿಸುವ ಈ ಧೈರ್ಯ ಓದುಗರ ಮೇಲಿನ ವಿಶ್ವಾಸದಿಂದ ಬಂದದ್ದು.

ಪೈಥಾನಿನಲ್ಲಿ 0.1ನ್ನು ಹತ್ತು ಸಲ ಸಮ್ ಫಂಕ್ಷನ್ನಿಗೆ ಕೊಟ್ಟರೆ 1.0 ಬರದೆ 0.9999999999999999 ಬರುತ್ತಿತ್ತು, ಮತ್ತು ಪಾಠ ಹೇಳುವವರಿಗೆ ಅದೊಂದು ಸಿದ್ಧ ಉದಾಹರಣೆಯಾಗಿತ್ತು. 2023ರಲ್ಲಿ ಬಂದ 3.12ನೇ ಆವೃತ್ತಿಯಲ್ಲಿ, ಕಹಾನರ ಉಪಾಯವನ್ನು ಮುಂದೆ ಸುಧಾರಿಸಿದ ಒಂದು ಕ್ರಮವನ್ನು ಸಮ್ ಒಳಗೇ ಅಳವಡಿಸಿದಾಗ ಉತ್ತರ ನೇರವಾಗಿ 1.0 ಆಯಿತು, ಹಳೆಯ ಉದಾಹರಣೆ ಒಂದೇ ದಿನದಲ್ಲಿ ಸುಳ್ಳಾಯಿತು, ಆದರೆ ಹತ್ತು 0.1ಗಳನ್ನು ಕೈಯಾರೆ ಒಂದಾದ ಮೇಲೊಂದು ಕೂಡಿಸಿದವರಿಗೆ ಇಂದಿಗೂ ಅದೇ ಒಂಬತ್ತುಗಳ ಸಾಲು ಕಾಣುತ್ತದೆ. ಬದಲಾವಣೆಯನ್ನು ದಾಖಲಿಸಿದವರು ಅದನ್ನು ಒಂದೇ ವಾಕ್ಯದಲ್ಲಿ ಬರೆದಿದ್ದಾರೆ: ಕೂಡಿಕೆಯ ಕ್ರಮ ಬದಲಾಗಿದೆ, ನಿಖರತೆ ಹೆಚ್ಚಿದೆ. ಅಲ್ಲಿಗೇ ನಿಲ್ಲಿಸದೆ, ಪೈಥಾನನ್ನು ಬೇರೆ ಬೇರೆ ಯಂತ್ರಗಳಿಗೆ ಕಟ್ಟುವಾಗ ಹಾರ್ಡ್‌ವೇರಿನ ನಡವಳಿಕೆ ಎಲ್ಲೆಡೆ ಒಂದೇ ಆಗಿರದು ಎಂಬುದನ್ನು ಬಲ್ಲ ಅವರು, ಈ ಸುಧಾರಣೆ ಎಲ್ಲ ಕಡೆಯಲ್ಲ, ಬಹುತೇಕ ಕಡೆಗಳಲ್ಲಿ ಮಾತ್ರ ಎಂದು ಅದೇ ವಾಕ್ಯದ ಕೊನೆಗೆ ಸೇರಿಸಿದ್ದಾರೆ.